ತ್ರಿವರ್ಣದಲ್ಲಿ ಯಾವ ಧರ್ಮಕ್ಕೂ ಪಾಲಿಲ್ಲ

ಕೇಸರಿ ಹಿಂದೂಗಳದ್ದು, ಹಸಿರು ಮುಸ್ಲಿಮರದ್ದು, ನಡುವಿನ ಬಿಳಿ ಉಳಿದವರೆಲ್ಲರದ್ದು. ಆಗಸ್ಟ್ ಬಂತೆಂದರೆ ಈ ಮಾತು ಶಾಲೆಯ ಭಾಷಣಗಳಲ್ಲೂ ವಾಟ್ಸ್‌ಆ್ಯಪ್ ಸಂದೇಶಗಳಲ್ಲೂ ಓಡಾಡುತ್ತದೆ. ಹೇಳುವವರ ಉದ್ದೇಶ ಬಹುಪಾಲು ಒಳ್ಳೆಯದೇ. ಎಲ್ಲರೂ ಒಂದೇ ಬಾವುಟದಡಿ ಎಂಬ ಭಾವ ಅದು. ಆದರೆ ರಾಷ್ಟ್ರಧ್ವಜ ರೂಪಿಸಿದವರು ಚರ್ಚೆ ಮಾಡಿ, ತಿಳಿದೂ ತಿಳಿದೇ ಕೈಬಿಟ್ಟ ಅರ್ಥವೇ ಇದು.

ಹಾಗೆಂದು ಈ ನಂಬಿಕೆ ಬುಡವಿಲ್ಲದ್ದೇನಲ್ಲ. 1921ರಲ್ಲಿ ಬೆಜವಾಡದಲ್ಲಿ, ಅಂದರೆ ಇಂದಿನ ವಿಜಯವಾಡದಲ್ಲಿ, ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಸಭೆ ಸೇರಿತ್ತು. ಆಂಧ್ರದ ಪಿಂಗಳಿ ವೆಂಕಯ್ಯ ಕೆಂಪು ಮತ್ತು ಹಸಿರು ಪಟ್ಟಿಗಳ ಒಂದು ಬಾವುಟವನ್ನು ಗಾಂಧೀಜಿಯ ಮುಂದಿಟ್ಟರು. ಚರಕ ಇರಬೇಕೆಂಬುದು ಜಲಂಧರದ ಲಾಲಾ ಹಂಸರಾಜರ ಸಲಹೆ. ಬಿಳಿ ಪಟ್ಟಿ ಸೇರಿಸಿದ್ದು ಗಾಂಧೀಜಿ. ಕೆಂಪು ಹಿಂದೂಗಳಿಗೆ, ಹಸಿರು ಮುಸ್ಲಿಮರಿಗೆ, ಬಿಳಿ ಇತರ ಧರ್ಮಗಳವರಿಗೆ ಎಂದು ಅವರೇ ‘ಯಂಗ್ ಇಂಡಿಯಾ’ದಲ್ಲಿ ಬರೆದರು. ಅಂದಿನ ಬಾವುಟದಲ್ಲಿ ಬಿಳಿ ಮೇಲಿತ್ತು, ಹಸಿರು ನಡುವೆ, ಕೆಂಪು ಕೆಳಗೆ. ಕೇಸರಿಯ ಸುಳಿವೇ ಇರಲಿಲ್ಲ.

ಸಮುದಾಯಕ್ಕೊಂದು ಬಣ್ಣ ಎಂದಮೇಲೆ ‘ನಮ್ಮದೆಲ್ಲಿ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಸಿಖ್ಖರು ತಮ್ಮ ಬಣ್ಣಕ್ಕೂ ಜಾಗ ಕೇಳಿದರು. 1931ರಲ್ಲಿ ಕಾಂಗ್ರೆಸ್ ಏಳು ಮಂದಿಯ ಸಮಿತಿ ರಚಿಸಿತು. ಪಟೇಲ್, ನೆಹರೂ, ಆಜಾದ್, ಮಾಸ್ಟರ್ ತಾರಾ ಸಿಂಗ್, ಕಾಕಾ ಕಾಲೇಲ್ಕರ್, ಪಟ್ಟಾಭಿ ಸೀತಾರಾಮಯ್ಯ ಅದರಲ್ಲಿದ್ದರು. ಏಳನೆಯವರು ಹಿಂದೂಸ್ತಾನಿ ಸೇವಾದಳ ಕಟ್ಟಿದ ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರ್. ಈ ಸಮಿತಿ ಮೂರು ಬಣ್ಣಗಳನ್ನೂ ಬಿಟ್ಟು, ಇಡೀ ಬಾವುಟ ಕೇಸರಿಯಾಗಿರಲಿ, ಅದರ ಮೇಲೊಂದು ಚರಕವಿರಲಿ ಎಂದು ಶಿಫಾರಸು ಮಾಡಿತು!

ಆಗಸ್ಟ್‌ನಲ್ಲಿ ಮುಂಬೈನಲ್ಲಿ ಸೇರಿದ ಕಾಂಗ್ರೆಸ್ ಸಮಿತಿ ಅದನ್ನು ಒಪ್ಪಲಿಲ್ಲ. ಮೂರು ಬಣ್ಣ ಉಳಿದವು, ಕೆಂಪಿನ ಬದಲು ಕೇಸರಿ ಬಂದು ಮೇಲೇರಿತು, ಬಿಳಿ ನಡುವಿಗಿಳಿಯಿತು. ಈ ಬಣ್ಣಗಳಿಗೆ ಕೋಮಿನ ಅರ್ಥ ಯಾವುದೂ ಇಲ್ಲ ಎಂದು ಸಮಿತಿ ಬಾಯಿಬಿಟ್ಟು ಹೇಳಿತು. ಕೇಸರಿಗೆ ಧೈರ್ಯ ಮತ್ತು ತ್ಯಾಗ, ಬಿಳಿಗೆ ಸತ್ಯ ಮತ್ತು ಶಾಂತಿ, ಹಸಿರಿಗೆ ಶ್ರದ್ಧೆ ಮತ್ತು ಶೌರ್ಯ ಎಂಬ ಅರ್ಥ ನಿಗದಿಯಾಯಿತು. 1947ರ ಜುಲೈ 22ರಂದು ಸಂವಿಧಾನ ಸಭೆಯಲ್ಲಿ ಧ್ವಜದ ನಿರ್ಣಯ ಮಂಡಿಸಿದ ನೆಹರೂ ಇದನ್ನೇ ಮತ್ತೆ ನೆನಪಿಸಿದರು. ರಾಧಾಕೃಷ್ಣನ್ ಅಂದು ಮಾತಾಡುತ್ತ ಕೇಸರಿಯಲ್ಲಿ ವೈರಾಗ್ಯವನ್ನು, ಬಿಳಿಯಲ್ಲಿ ಬೆಳಕನ್ನು, ಹಸಿರಿನಲ್ಲಿ ಮಣ್ಣು ಮತ್ತು ಪೈರಿನೊಂದಿಗಿನ ನಂಟನ್ನು ಕಂಡರು. ಧರ್ಮಕ್ಕೊಂದು ಬಣ್ಣ ಹಂಚುವ ಪಾಠವನ್ನು ಇವತ್ತಿಗೂ ಮಕ್ಕಳಿಗೆ ಬಾಯಿಪಾಠ ಮಾಡಿಸುವುದು ಈ ಹಿರಿಯರ ಶ್ರಮಕ್ಕೆ ಮಾಡುವ ಅನ್ಯಾಯ.

ಇನ್ನು ಚಕ್ರ. ಚರಕವನ್ನು ಕಿತ್ತುಹಾಕಿ ಅಶೋಕ ಚಕ್ರ ತಂದರು ಎನ್ನುವವರು ನಿರ್ಣಯವನ್ನೇ ಓದಬೇಕು. ಚರಕವನ್ನು ಪ್ರತಿನಿಧಿಸಲು ಕಡುನೀಲಿ ಚಕ್ರವಿರಬೇಕು, ಅದರ ವಿನ್ಯಾಸ ಸಾರನಾಥದ ಸಿಂಹಸ್ತಂಭದ ಪೀಠದಲ್ಲಿರುವ ಚಕ್ರದಂತಿರಬೇಕು ಎಂದು ಅದರಲ್ಲಿ ಸ್ಪಷ್ಟವಾಗಿದೆ. ಬದಲಾವಣೆಗೆ ನೆಹರೂ ಕೊಟ್ಟ ಕಾರಣಗಳಲ್ಲಿ ಒಂದು ತೀರಾ ಪ್ರಾಯೋಗಿಕ. ಬಾವುಟದ ಎರಡೂ ಬದಿ ಒಂದೇ ರೀತಿ ಕಾಣಬೇಕು; ಕದಿರು, ದಾರ ಸಹಿತ ಚರಕವಿದ್ದರೆ ಹಿಂಬದಿಯಲ್ಲಿ ಅದು ತಿರುಗುಮುರುಗಾಗುತ್ತದೆ.

ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಈ ಮಾತಿನ ಬೆಲೆ ಕಣ್ಣಿಗೆ ಕಾಣುತ್ತದೆ. ಅಲ್ಲಿ ಬಿಳಿ ಬಟ್ಟೆಯ ಎರಡೂ ಬದಿಗೆ ಚಕ್ರವನ್ನು ಅಚ್ಚು ಹಾಕುತ್ತಾರೆ. ಈ ಬದಿಯ ಗೆರೆ ಆ ಬದಿಯ ಗೆರೆಯ ಮೇಲೇ ಕೂರಬೇಕು. ಕೊಂಚ ಸರಿದರೂ ಬಾವುಟ ತಿರಸ್ಕೃತ. ಗೆರೆಗಳು 24 ಏಕೆಂದರೆ ಸಾರನಾಥದ ಆ ಚಕ್ರದಲ್ಲಿರುವುದು ಅಷ್ಟೇ. ದಿನದ 24 ಗಂಟೆ, 24 ಸದ್ಗುಣ ಎಂಬ ವಿವರಣೆಗಳು ನಿರ್ಣಯದಲ್ಲಿಲ್ಲ, ಆಮೇಲೆ ಸೇರಿಕೊಂಡವು.

ಇಂದಿನ ಧ್ವಜವನ್ನು ಪಿಂಗಳಿ ವೆಂಕಯ್ಯನವರೊಬ್ಬರೇ ರೂಪಿಸಿದರು ಎಂಬ ಮಾತೂ ಪೂರ್ತಿ ಸರಿಯಲ್ಲ. 1916ರಲ್ಲೇ ರಾಷ್ಟ್ರಧ್ವಜದ ಬಗ್ಗೆ ಪುಸ್ತಕ ತಂದ ಅವರಿಗೆ ಮೊದಲ ಗೌರವ ಸಲ್ಲಲೇಬೇಕು. ಆದರೆ ಅವರು ಕೊಟ್ಟದ್ದು 1921ರ ಕರಡು. ಅಂತಿಮ ರೂಪ ನಿರ್ಧರಿಸಿದ್ದು ರಾಜೇಂದ್ರ ಪ್ರಸಾದ್ ಅಧ್ಯಕ್ಷತೆಯ ಧ್ವಜ ಸಮಿತಿ. ಅಂಬೇಡ್ಕರ್, ಸರೋಜಿನಿ ನಾಯ್ಡು, ರಾಜಾಜಿ ಅದರ ಸದಸ್ಯರು.

ಧ್ವಜ ಖಾದಿಯದ್ದೇ ಆಗಿರಬೇಕು, ಸೂರ್ಯ ಮುಳುಗುವ ಮುನ್ನ ಇಳಿಸಲೇಬೇಕು ಎಂಬವು ಬಹುಕಾಲ ನಿಜವಾಗಿದ್ದ ನಿಯಮಗಳು. 2021ರ ಡಿಸೆಂಬರ್‌ನ ತಿದ್ದುಪಡಿ ಪಾಲಿಯೆಸ್ಟರ್‌ಗೂ ಯಂತ್ರದಲ್ಲಿ ತಯಾರಾದ ಬಾವುಟಗಳಿಗೂ ಅನುಮತಿ ನೀಡಿತು. 2022ರ ಜುಲೈನ ತಿದ್ದುಪಡಿಯ ನಂತರ ಮನೆಗಳ ಮೇಲೆ ಹಗಲೂ ರಾತ್ರಿ ಹಾರಿಸಬಹುದು. ಎರಡನೆಯದಕ್ಕೆ ಯಾರ ತಕರಾರೂ ಇಲ್ಲ. ಮೊದಲನೆಯದನ್ನು ಮಾತ್ರ ಬೆಂಗೇರಿಯ ಸಂಘ ಬಹಿರಂಗವಾಗಿ ವಿರೋಧಿಸಿತು. ನೂಲುವ, ನೇಯುವ, ಹೊಲಿಯುವ ಹೆಣ್ಣುಮಕ್ಕಳ ದುಡಿಮೆಯಿಂದಲೇ ನಡೆಯುವ ಸಂಘಕ್ಕೆ ಆ ಹಕ್ಕು ಖಂಡಿತ ಇದೆ.