ಪ್ರತಿ ಆ್ಯಪ್‌ಗೂ ಅದರದೇ ಪೈಥಾನ್

2023ರ ಸೆಪ್ಟೆಂಬರ್ ಕೊನೆಯ ದಿನದಿಂದಾಚೆಗೆ ಎಷ್ಟೋ ವೆಬ್ ಆ್ಯಪ್‌ಗಳು ಹೊಸ ಯಂತ್ರಕ್ಕೆ ಹಾಕಿದ ಕೂಡಲೇ ನಿಂತುಹೋಗತೊಡಗಿದವು. ಬರೆದವರು ಅವುಗಳಲ್ಲಿ ಒಂದಕ್ಷರವನ್ನೂ ಬದಲಿಸಿರಲಿಲ್ಲ. ಅವು ಪೈಥಾನ್‌ನ ಫ್ಲಾಸ್ಕ್ ಎಂಬ ಫ್ರೇಮ್‌ವರ್ಕ್‌ನ 2.2ನೇ ಆವೃತ್ತಿಯಲ್ಲಿ ಬರೆದ ಆ್ಯಪ್‌ಗಳು. ಬ್ರೌಸರ್‌ನಿಂದ ಬಂದ ಕೋರಿಕೆಯನ್ನು ಬಿಡಿಸಿ ಓದುವ ಕೆಲಸವನ್ನು ಫ್ಲಾಸ್ಕ್ ವೆರ್ಕ್‌ತ್ಸೋಯ್ಗ್ ಎಂಬ ಇನ್ನೊಂದು ಪ್ಯಾಕೇಜಿಗೆ ವಹಿಸುತ್ತದೆ. ಅದರ 2.2 ಅಥವಾ ಮೇಲಿನ ಯಾವುದಾದರೂ ಆವೃತ್ತಿ ಸಾಕು ಎಂದು ಆ ಫ್ಲಾಸ್ಕ್ ಹೇಳಿತ್ತು, ಮೇಲ್ಮಿತಿ ಹಾಕಿರಲಿಲ್ಲ. ಅಂದು ಬಂದ ವೆರ್ಕ್‌ತ್ಸೋಯ್ಗ್ 3.0ರಲ್ಲಿ ಫ್ಲಾಸ್ಕ್ ನೆಚ್ಚಿಕೊಂಡಿದ್ದ ‘ಯುಆರ್‌ಎಲ್_ಕೋಟ್’ ಎಂಬ ಫಂಕ್ಷನ್ ಇರಲಿಲ್ಲ. ಪ್ಯಾಕೇಜ್ ತಂದುಕೊಡುವ ಪಿಪ್, ಮಿತಿ ಹೇಳದಿದ್ದರೆ ಇತ್ತೀಚಿನದನ್ನೇ ತರುತ್ತದೆ.

ಹೊಸದಾಗಿ ಕಲಿಯುವವರಿಗೆ ಈ ಪ್ರಕರಣವನ್ನು ಮೊದಲೇ ಹೇಳಬೇಕು ಎಂದು ನನಗನ್ನಿಸುತ್ತದೆ. ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿಕೊಳ್ಳಿ ಎಂದು ಎಲ್ಲ ಪಾಠಗಳೂ ಹೇಳುತ್ತವೆ. ಯಾಕೆಂದು ಹೇಳುವವು ಕಡಿಮೆ.

ಪೈಥಾನ್ ತರಿಸಿಕೊಂಡ ಪ್ಯಾಕೇಜ್‌ಗಳೆಲ್ಲ ‘ಸೈಟ್-ಪ್ಯಾಕೇಜಸ್’ ಎಂಬ ಒಂದೇ ಫೋಲ್ಡರಿಗೆ ಹೋಗಿ ಬೀಳುತ್ತವೆ. ಅಲ್ಲಿ ಒಂದು ಹೆಸರಿಗೆ ಒಂದೇ ಆವೃತ್ತಿ. ಹಳೆಯ ಆ್ಯಪ್‌ಗೆ ಫ್ಲಾಸ್ಕ್ 2.2 ಬೇಕು, ಹೊಸದಕ್ಕೆ 3.0 ಬೇಕು ಎಂದರೆ ಎರಡನ್ನೂ ಅಲ್ಲಿ ಇಡಲಾಗದು. ಒಂದನ್ನು ಹಾಕಿದಾಗ ಇನ್ನೊಂದು ಅಳಿಯುತ್ತದೆ. ಇಯಾನ್ ಬಿಕಿಂಗ್ 2007ರಲ್ಲಿ ‘ವರ್ಚುವಲ್‌ಎನ್ವ್’ ಬರೆದದ್ದು ಇದಕ್ಕಾಗಿ. 2012ರ ಪೈಥಾನ್ 3.3ರಿಂದ ‘ವೀಎನ್ವ್’ ಎಂಬ ಹೆಸರಲ್ಲಿ ಅಂಥದೇ ಸೌಲಭ್ಯ ಭಾಷೆಯ ಜೊತೆಗೇ ಬರುತ್ತಿದೆ.

ಅದು ಮಾಡುವುದು ಅಚ್ಚರಿಪಡುವಷ್ಟು ಸರಳ. ನಿಮ್ಮ ಪ್ರಾಜೆಕ್ಟ್‌ನಲ್ಲಿ ಒಂದು ಫೋಲ್ಡರ್ ಮಾಡಿ, ಅದರಲ್ಲಿ ಪೈಥಾನ್‌ನ ಪ್ರತಿಯನ್ನೋ ಅದರತ್ತ ಬೊಟ್ಟು ಮಾಡುವ ಲಿಂಕನ್ನೋ ಇಟ್ಟು, ಖಾಲಿ ಸೈಟ್-ಪ್ಯಾಕೇಜಸ್ ತೆರೆದು, ಮೂಲ ಪೈಥಾನ್ ಎಲ್ಲಿದೆ ಎಂದು ಬರೆದ ಪುಟ್ಟ ಫೈಲನ್ನು ಸೇರಿಸುತ್ತದೆ. ಪೈಥಾನ್ ಏಳುವಾಗ ಈ ಫೈಲ್ ಕಂಡರೆ ಪ್ಯಾಕೇಜ್‌ಗಳನ್ನು ಇಲ್ಲೇ ಹುಡುಕುತ್ತದೆ. ‘ಆ್ಯಕ್ಟಿವೇಟ್’ ಮಾಡುವುದೆಂದರೂ ಮುಖ್ಯವಾಗಿ ಇಷ್ಟೆ: ಟರ್ಮಿನಲ್ ಕಮ್ಯಾಂಡ್‌ಗಳನ್ನು ಹುಡುಕುವ ಸಾಲಿನಲ್ಲಿ ಈ ಫೋಲ್ಡರನ್ನು ಮೊದಲಿಗೆ ನಿಲ್ಲಿಸುವುದು. ಕೆಟ್ಟಿತೆನಿಸಿದರೆ ಫೋಲ್ಡರ್ ಅಳಿಸಿ ಮತ್ತೆ ಮಾಡಿಕೊಳ್ಳಬಹುದು. ಬೇರೆಡೆಗೆ ಎತ್ತಿ ಇಡಲು ಮಾತ್ರ ಹೋಗಬೇಡಿ, ಒಳಗಿನ ಸ್ಕ್ರಿಪ್ಟ್‌ಗಳಲ್ಲಿ ಹಳೆಯ ವಿಳಾಸವೇ ಇರುತ್ತದೆ.

ಡೆಬಿಯನ್ 12ರಲ್ಲಿ, ಇತ್ತೀಚಿನ ಉಬುಂಟುಗಳಲ್ಲಿ ಈ ಫೋಲ್ಡರಿಲ್ಲದೆ ಪಿಪ್ ಬಳಸಲು ಹೋದರೆ ಯಂತ್ರವೇ ತಡೆಯುತ್ತದೆ. ಅಲ್ಲಿನ ಎಷ್ಟೋ ಸಲಕರಣೆಗಳು ಪೈಥಾನ್‌ನಲ್ಲಿವೆ. ಅವುಗಳ ಪ್ಯಾಕೇಜ್ ಕದಲಿದರೆ ಅವೂ ಕೆಡಬಹುದು. ತಡೆಯನ್ನು ದಾಟುವ ಆಯ್ಕೆಯೂ ಉಂಟು. ದಯವಿಟ್ಟು ಅದನ್ನು ಮುಟ್ಟಬೇಡಿ.

ಇನ್ನು ಫ್ಲಾಸ್ಕ್ 3 ತರಿಸಿ ನೋಡಿ. ಲಿನಕ್ಸ್‌ನಲ್ಲಿ ಕೇಳಿದ್ದು ಒಂದು, ಬರುವುದು ಏಳು: ವೆರ್ಕ್‌ತ್ಸೋಯ್ಗ್, ಜಿಂಜಾ, ಮಾರ್ಕಪ್‌ಸೇಫ್, ಇಟ್ಸ್‌ಡೇಂಜರಸ್, ಕ್ಲಿಕ್, ಬ್ಲಿಂಕರ್ ಜೊತೆಗೂಡಿರುತ್ತವೆ. ಆ್ಯಪ್ ಓಡಿದ ದಿನವೇ ‘ಪಿಪ್ ಫ್ರೀಜ್’ ಕೊಟ್ಟು ಏಳರ ಆವೃತ್ತಿಗಳನ್ನೂ ‘ರಿಕ್ವೈರ್‌ಮೆಂಟ್ಸ್’ ಫೈಲಿಗೆ ಬರೆಸಿಡಿ. ಆ ಪಟ್ಟಿ ಇದ್ದವರ ಆ್ಯಪ್‌ಗಳಿಗೆ 2023ರಲ್ಲಿ ಏನೂ ಆಗಲಿಲ್ಲ. ಗಿಟ್‌ಗೆ ಸೇರಬೇಕಾದದ್ದೂ ಪಟ್ಟಿಯೇ, ಫೋಲ್ಡರ್ ಅಲ್ಲ.

ಆ್ಯಪ್ ಓಡಿಸಿದಾಗ ಕಾಣುವ 127.0.0.1 ನಿಮ್ಮ ಯಂತ್ರದ್ದೇ ವಿಳಾಸ, ಹೊರಗಿನವರಿಗೆ ಅದು ತೆರೆಯದು. ಪಕ್ಕದ 5000 ಪೋರ್ಟ್ ಸಂಖ್ಯೆ. ಮ್ಯಾಕ್‌ನಲ್ಲಿ ಏರ್‌ಪ್ಲೇ ಅದನ್ನು ಹಿಡಿದಿದ್ದರೆ 5001 ಕೊಡಿ. ಡೀಬಗ್ ಮೋಡ್‌ನಲ್ಲಿ ತಪ್ಪು ಸಂಭವಿಸಿದರೆ ಬ್ರೌಸರ್‌ನಲ್ಲೇ ಪೈಥಾನ್ ಬರೆದು ಓಡಿಸಬಹುದು. ಕಲಿಯುವಾಗ ಅದು ದೊಡ್ಡ ನೆರವು; ಆದರೆ ಆ್ಯಪನ್ನು ಇಂಟರ್ನೆಟ್‌ಗೆ ಏರಿಸುವ ಮುನ್ನ ಡೀಬಗ್ ಮೋಡನ್ನು ಆಫ್ ಮಾಡಲೇಬೇಕು. ಪಿನ್ ಕಾವಲಿದ್ದರೂ, ಅದನ್ನು ದಾಟಿದವರು ನಿಮ್ಮ ಸರ್ವರ್‌ನಲ್ಲಿ ತಮಗೆ ಬೇಕಾದ ಕೋಡ್ ಓಡಿಸಬಲ್ಲರು.