ಕಲಿತ ಗಣಿತ ಮರೆಯುವುದೇಕೆ? ಉಳಿಯುವುದು ಹೇಗೆ?

ಎಸ್ಸೆಸ್ಸೆಲ್ಸಿ ಗಣಿತದಲ್ಲಿ ತೊಂಬತ್ತರ ಮೇಲೆ ಅಂಕ ಗಳಿಸಿದವರೂ ವರ್ಷಗಳ ನಂತರ ಮಕ್ಕಳ ಪಠ್ಯಪುಸ್ತಕದ ವರ್ಗ ಸಮೀಕರಣದ ಮುಂದೆ ಕೈಚೆಲ್ಲಿ ಕೂರುವುದು ಅಪರೂಪವೇನಲ್ಲ. ಪದವಿ ಮುಗಿಸಿ ಬ್ಯಾಂಕ್ ಪರೀಕ್ಷೆಗೆ ಸಿದ್ಧರಾಗುವವರಿಗೆ ಅನುಪಾತ, ಶೇಕಡಾವಾರು ಲೆಕ್ಕಗಳೇ ಕೈಕೊಡುತ್ತವೆ. ‘ಗಣಿತ ನನ್ನ ತಲೆಗೆ ಹತ್ತುವುದಿಲ್ಲ’ ಎಂದು ಹಲವರು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಆದರೆ ಈ ಮರೆವಿನಲ್ಲಿ ಬುದ್ಧಿಮತ್ತೆಗಿಂತ ಕಲಿತ ಕ್ರಮದ ಪಾತ್ರವೇ ದೊಡ್ಡದು ಎನ್ನುತ್ತವೆ ಸಂಶೋಧನೆಗಳು.

ಅರ್ಧ ಶತಮಾನದ ನೆನಪು

ಈ ಕುರಿತ ಪ್ರಮುಖ ಅಧ್ಯಯನ ಅಮೆರಿಕದ ಮನೋವಿಜ್ಞಾನಿಗಳಾದ ಹ್ಯಾರಿ ಬಾರಿಕ್ ಮತ್ತು ಲಿಂಡಾ ಹಾಲ್ ಅವರದು. 1991ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ 1,726 ಮಂದಿ ಪ್ರೌಢಶಾಲೆಯ ಬೀಜಗಣಿತ ಮತ್ತು ರೇಖಾಗಣಿತವನ್ನು ಎಷ್ಟು ನೆನಪಿಟ್ಟುಕೊಂಡಿದ್ದಾರೆ ಎಂಬುದನ್ನು ಪರೀಕ್ಷಿಸಲಾಗಿತ್ತು.

ಕಾಲೇಜಿನಲ್ಲಿ ಕಲನಶಾಸ್ತ್ರ ಅಥವಾ ಅದಕ್ಕೂ ಮೇಲಿನ ಗಣಿತ ಓದಿದವರು, ಮುಂದೆ ಅಭ್ಯಾಸ ಬಿಟ್ಟಿದ್ದರೂ, ಶಾಲೆಯ ಬೀಜಗಣಿತವನ್ನು ಐವತ್ತು ವರ್ಷಗಳವರೆಗೆ ಬಹುಪಾಲು ಉಳಿಸಿಕೊಂಡಿದ್ದರು. ಶಾಲೆಯಲ್ಲಿ ಅವರಷ್ಟೇ ಚೆನ್ನಾಗಿ ಕಲಿತೂ ಕಾಲೇಜಿನಲ್ಲಿ ಗಣಿತ ಓದದವರ ಸಾಧನೆ ಅದೇ ಅವಧಿಯಲ್ಲಿ ಬರೀ ಊಹೆಯಿಂದ ಉತ್ತರಿಸುವವರ ಮಟ್ಟದ ಸಮೀಪಕ್ಕೆ ಇಳಿದಿತ್ತು. ಶಾಲೆಯಲ್ಲಿ ಪಡೆದ ಅಂಕಗಳು ಮರೆವಿನ ವೇಗದ ಮೇಲೆ ಬೀರಿದ ಪರಿಣಾಮ ಮಾತ್ರ ಅತ್ಯಲ್ಪ.

ಕಾರಣ ಸರಳವಾದುದು. ಕಲನಶಾಸ್ತ್ರದ ಲೆಕ್ಕಗಳಲ್ಲಿ ಅಪವರ್ತನ, ಘಾತಾಂಕ, ಸಮೀಕರಣಗಳು ಹೆಜ್ಜೆ ಹೆಜ್ಜೆಗೂ ಮರಳಿ ಬರುತ್ತವೆ. ಹೊಸ ಪಾಠದ ನೆಪದಲ್ಲಿ ಹಳೆಯ ಪಾಠಕ್ಕೆ ವರ್ಷಗಳ ಕಾಲ ಅಭ್ಯಾಸ ದೊರೆಯುತ್ತದೆ. ಬಾಲ್ಯದ ಮಗ್ಗಿ ಮುಪ್ಪಿನಲ್ಲೂ ನಾಲಿಗೆಯ ತುದಿಯಲ್ಲಿರುವುದಕ್ಕೂ ಇದೇ ಕಾರಣ. ಅದನ್ನು ವರ್ಷಗಟ್ಟಲೆ ಒಪ್ಪಿಸಿ, ಆನಂತರ ಅಂಗಡಿ, ಸಂತೆಗಳಲ್ಲಿ ಬಳಸುತ್ತಲೇ ಇರುತ್ತೇವೆ.

ಒಂದೇ ದಿನ ಹತ್ತು ಲೆಕ್ಕವೇ?

ಅಭ್ಯಾಸವನ್ನು ಹಂಚುವ ಬಗೆಯನ್ನು ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2006ರಲ್ಲಿ ಪರೀಕ್ಷಿಸಿದರು. ಒಂದು ಗುಂಪಿನ ವಿದ್ಯಾರ್ಥಿಗಳು ಹತ್ತು ಲೆಕ್ಕಗಳನ್ನು ಒಂದೇ ಸಲ ಮಾಡಿದರೆ, ಇನ್ನೊಂದು ಗುಂಪಿನವರು ಒಂದು ವಾರದ ಅಂತರದಲ್ಲಿ ಐದೈದು ಮಾಡಿದರು. ವಾರದ ನಂತರದ ಪರೀಕ್ಷೆಯಲ್ಲಿ ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವಂತಹ ವ್ಯತ್ಯಾಸವಿರಲಿಲ್ಲ. ನಾಲ್ಕು ವಾರಗಳ ನಂತರ ಮಾತ್ರ ಒಂದೇ ಸಲ ಮಾಡಿದವರು ಶೇ 32ರಷ್ಟು, ಹಂಚಿ ಮಾಡಿದವರು ಶೇ 64ರಷ್ಟು ಸರಿಯುತ್ತರ ನೀಡಿದರು. ಪರೀಕ್ಷೆಯ ಹಿಂದಿನ ರಾತ್ರಿಯ ಓದು ಮರುದಿನಕ್ಕೆ ಸಾಕಾದರೂ ಮುಂದಿನ ವರ್ಷಕ್ಕೆ ಒದಗದು ಎಂಬುದು ಇದರ ತಾತ್ಪರ್ಯ.

2007ರಲ್ಲಿ ಪ್ರಕಟವಾದ ಅವರ ಇನ್ನೊಂದು ಪ್ರಯೋಗ ಘನಾಕೃತಿಗಳ ಗಾತ್ರದ ಲೆಕ್ಕಗಳನ್ನು ಕುರಿತದ್ದು. ಬೇರೆ ಬೇರೆ ಬಗೆಯ ಲೆಕ್ಕಗಳನ್ನು ಬೆರೆಸಿ ಮಾಡಿದವರು ಅಭ್ಯಾಸದ ವೇಳೆ ಹೆಚ್ಚು ತಪ್ಪಿದರು. ವಾರದ ನಂತರ ಅವರೇ ಶೇ 63ರಷ್ಟು ಸರಿಯುತ್ತರ ನೀಡಿದರೆ, ಒಂದೊಂದೇ ಬಗೆಯನ್ನು ಸಾಲಾಗಿ ಮಾಡಿದವರು ಶೇ 20ಕ್ಕೆ ನಿಂತರು. ಅಧ್ಯಾಯದ ಕೊನೆಯ ಅಭ್ಯಾಸದಲ್ಲಿ ಯಾವ ಸೂತ್ರ ಬಳಸಬೇಕೆಂಬುದು ಮೊದಲೇ ಗೊತ್ತಿರುತ್ತದೆ. ಸೂತ್ರವನ್ನು ಆರಿಸುವ ವಿವೇಚನೆಗೆ ಅಲ್ಲಿ ಕೆಲಸವೇ ಇಲ್ಲ.

ಮರೆತದ್ದು ಪೂರ್ತಿ ಅಳಿಯದು

ಮರೆತವರು ಧೃತಿಗೆಡಬೇಕಾಗಿಲ್ಲ. ಒಮ್ಮೆ ಕಲಿತು ಮರೆತದ್ದನ್ನು ಮರಳಿ ಕಲಿಯಲು ಮೊದಲಿಗಿಂತ ಕಡಿಮೆ ಸಮಯ ಸಾಕು ಎಂಬುದನ್ನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದರು. ಅವರು ಬಳಸಿದ್ದು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು. ಗಣಿತಕ್ಕಾದರೋ ತರ್ಕದ ಆಸರೆಯೂ ಇದೆ. ವರ್ಗ ಸಮೀಕರಣದ ಸೂತ್ರ ಮರೆತರೂ ವರ್ಗ ಪೂರ್ಣಗೊಳಿಸುವ ವಿಧಾನ ಬಲ್ಲವರು ಅದನ್ನು ಮತ್ತೆ ಕಟ್ಟಿಕೊಳ್ಳಬಲ್ಲರು.

ಮರಳಿ ಕಲಿಯಬಯಸುವವರು ಭಾನುವಾರವಿಡೀ ಪುಸ್ತಕ ಹಿಡಿದು ಕೂರುವ ಬದಲು ವಾರದಲ್ಲಿ ಎರಡು ಮೂರು ದಿನ, ಬೇರೆ ಬೇರೆ ಅಧ್ಯಾಯಗಳಿಂದ ಒಂದೊಂದು ಲೆಕ್ಕ ಆಯ್ದು, ಉತ್ತರ ನೋಡುವ ಮುನ್ನ ತಾವೇ ಬಿಡಿಸಲು ಯತ್ನಿಸುವುದು ಲೇಸು. ಎಸ್ಸೆಸ್ಸೆಲ್ಸಿಯೊಂದಿಗೆ ಗಣಿತಕ್ಕೆ ವಿದಾಯ ಹೇಳುವ ವಿದ್ಯಾರ್ಥಿಗಳು ಪಿಯುಸಿ, ಪದವಿ ಸೇರಿ ಐದು ವರ್ಷ ಕಳೆದ ಮೇಲೆ ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಅದನ್ನೇ ಮತ್ತೆ ಎದುರಿಸಬೇಕಾಗುತ್ತದೆ. ನಡುವಿನ ಆ ವರ್ಷಗಳಲ್ಲಿ ವಾರಕ್ಕೆ ನಾಲ್ಕೇ ಲೆಕ್ಕ ಮಾಡಿದರೂ ನೆನಪಿನ ಕೊಂಡಿ ಕಳಚದು.