ಸೆರೆಯಾದ ನಾಯಕರ ದಿಗ್ದರ್ಶಕ

ಎರಡನೆಯ ಮಹಾಯುದ್ಧದ ಕಗ್ಗತ್ತಲ ರಾತ್ರಿಗಳಲ್ಲಿ ಇಂಗ್ಲೆಂಡಿನ ದಕ್ಷಿಣ ತೀರದಿಂದ ಹೊರಟ ಸಣ್ಣ ಯುದ್ಧದೋಣಿಗಳು, ಜರ್ಮನರ ವಶದಲ್ಲಿದ್ದ ಫ್ರಾನ್ಸಿನ ಬ್ರಿಟನಿ ತೀರವನ್ನು ಸದ್ದಿಲ್ಲದೆ ಮುಟ್ಟುತ್ತಿದ್ದುವು. ಗೂಢಚಾರರನ್ನು ಅಲ್ಲಿ ಇಳಿಸಿ, ವಿಮಾನ ಉರುಳಿ ತಲೆಮರೆಸಿಕೊಂಡಿದ್ದ ವೈಮಾನಿಕರನ್ನು ಹತ್ತಿಸಿಕೊಂಡು, ಬೆಳಕು ಹರಿಯುವ ಮುನ್ನ ಹಿಂದಿರುಗಬೇಕು. ಈ ಕಾರ್ಯದಲ್ಲಿ ತೊಡಗಿದ್ದ ತರುಣ ನೌಕಾಧಿಕಾರಿಗಳಲ್ಲಿ ಗೈ ಹ್ಯಾಮಿಲ್ಟನ್ ಒಬ್ಬ. ಒಮ್ಮೆ ಆತ ಶತ್ರುವಿನ ನೆಲದಲ್ಲಿಯೇ ಉಳಿದುಹೋಗಿ, ಅಡಗಿಕೊಂಡು ದಿನಗಳನ್ನು ನೂಕಬೇಕಾಯಿತು. ಜೇಮ್ಸ್ ಬಾಂಡನ ‘ಗೋಲ್ಡ್‌ಫಿಂಗರ್’ ಚಿತ್ರವನ್ನು ಮುಂದೆ ದಿಗ್ದರ್ಶಿಸಿದವನು ಈತನೇ. ನಿಜವಾದ ಗೂಢಚಾರಿಕೆಯನ್ನು ಹತ್ತಿರದಿಂದ ಕಂಡವನೇ ಅದರ ಅತ್ಯಂತ ರಂಜಕವಾದ ಸುಳ್ಳನ್ನು ಹೆಣೆದುದು ವಿಚಿತ್ರವಲ್ಲವೆ?

ಆಂಗ್ಲ ತಂದೆತಾಯಿಗಳಿಗೆ 1922ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ ಹ್ಯಾಮಿಲ್ಟನ್, ಯುದ್ಧ ಮುಗಿದ ಮೇಲೆ ಕ್ಯಾರಲ್ ರೀಡನಿಗೆ ಸಹಾಯಕನಾದ. 1949ರ ‘ದಿ ಥರ್ಡ್ ಮ್ಯಾನ್’ ಚಿತ್ರದಲ್ಲಿ ದುಡಿದವನಿಗೆ ಅದಕ್ಕಿಂತ ಉತ್ತಮವಾದ ಗುರುಕುಲ ಮತ್ತೆಲ್ಲಿ ದೊರೆತೀತು?

1955ರ ‘ದಿ ಕೋಲ್ಡಿಟ್ಸ್ ಸ್ಟೋರಿ’ ಆತನ ಕೃತಿಗಳಲ್ಲೆಲ್ಲ ಶ್ರೇಷ್ಠವೆನ್ನಬೇಕು. ತಪ್ಪಿಸಿಕೊಳ್ಳುವುದರಲ್ಲಿ ನಿಸ್ಸೀಮರಾದ ಸೇನಾಧಿಕಾರಿಗಳನ್ನು ಜರ್ಮನರು ಕೂಡಿಹಾಕಿದ್ದ ಕೋಟೆಯ ಕಥೆಯಿದು. ಅಲ್ಲಿಂದ ಪಾರಾದ ಪ್ಯಾಟ್ ರೀಡನ ಪುಸ್ತಕವೇ ಇದಕ್ಕೆ ಆಧಾರ. ರೀಡನ ಪಾತ್ರದಲ್ಲಿ ಜಾನ್ ಮಿಲ್ಸ್ ಅಭಿನಯಿಸಿದ್ದಾನೆ. ಮೊದಮೊದಲು ಶಾಲಾಬಾಲಕರ ಚೇಷ್ಟೆಗಳಂತೆ ನಗೆಯುಕ್ಕಿಸುವ ಚಿತ್ರ ಒಮ್ಮೆಲೇ ಗಂಭೀರವಾಗುತ್ತದೆ. ಜರ್ಮನ್ ಅಧಿಕಾರಿಗಳ ವೇಷ ಧರಿಸಿ ಹೊರಬೀಳುವ ಉಪಾಯವನ್ನು ಹೂಡಿದವನು ಮೆಕ್‌ಗಿಲ್. ಆದರೆ ಆಳು ತೀರ ಎತ್ತರ. ಕಾವಲಿನವರು ಕಂಡೊಡನೆ ಗುರುತಿಸಿಯಾರು. ಜೊತೆಗಾರರ ಹಿತಕ್ಕಾಗಿ ನೀನು ಹಿಂದುಳಿಯಬೇಕೆಂದು ಹಿರಿಯ ಅಧಿಕಾರಿ ತಿಳಿಸುತ್ತಾನೆ. ಆತ ಒಪ್ಪುತ್ತಾನೆ, ಆದರೆ ನಿರಾಶೆಯನ್ನು ತಾಳಲಾರದೆ ಮುಳ್ಳುತಂತಿಯನ್ನೇರಹೊರಟು ಗುಂಡಿಗೆ ಬಲಿಯಾಗುತ್ತಾನೆ. ಇಲ್ಲಿ ತಪ್ಪು ಯಾರದು? ಚಿತ್ರ ಯಾರನ್ನೂ ದೂರುವುದಿಲ್ಲ. ಪ್ರೇಕ್ಷಕನ ಗಂಟಲು ಮಾತ್ರ ಕಟ್ಟುತ್ತದೆ.

‘ಗೋಲ್ಡ್‌ಫಿಂಗರ್’ (1964) ಚಿತ್ರದ ಹೊಳಪಿನ ಕಾರು, ಚಿನ್ನದ ಮೈಬಣ್ಣಗಳನ್ನು ಬದಿಗಿಟ್ಟು ನೋಡಿದರೆ ಅಲ್ಲಿಯೂ ನಾಯಕ ಸೆರೆಯಾಳೇ! ಲೇಸರ್ ಕಿರಣ ಮೈಯನ್ನು ಸೀಳಲು ಸಮೀಪಿಸುತ್ತಿರುವಾಗ ಶಾನ್ ಕಾನರಿಯ ಬಾಂಡನನ್ನು ಉಳಿಸುವುದು ತೋಳ್ಬಲವಲ್ಲ, ಕಿವಿಗೆ ಬಿದ್ದಿದ್ದ ಒಂದು ಮಾತು. ಕಥೆಯ ಉತ್ತರಾರ್ಧವನ್ನೆಲ್ಲ ಆತ ಬಂದಿಯಾಗಿಯೇ ಕಳೆಯುತ್ತಾನೆ. ಕಡೆಗೆ ಬಾಂಬನ್ನು ನಿಲ್ಲಿಸುವವನೂ ಬೇರೊಬ್ಬ. ಶಸ್ತ್ರಗಳನ್ನು ಒದಗಿಸುವ ‘ಕ್ಯೂ’ ಬಾಂಡನನ್ನು ಕಂಡರೆ ಸಿಡುಕಬೇಕೆಂದು ನಟ ಡೆಸ್ಮಂಡ್ ಲೆವೆಲಿನ್‌ನಿಗೆ ಹೇಳಿಕೊಟ್ಟವನು ಹ್ಯಾಮಿಲ್ಟನ್; ಆ ಸಿಡುಕು ಮುಂದಿನ ಚಿತ್ರಗಳಲ್ಲಿಯೂ ಉಳಿಯಿತು. ಆತ 1971, 1973 ಮತ್ತು 1974ರಲ್ಲಿ ತೆಗೆದ ಇನ್ನು ಮೂರು ಬಾಂಡ್ ಚಿತ್ರಗಳಲ್ಲಿ ವಿನೋದ ಬೆಳೆಯಿತು, ಬಿಗಿ ಸಡಿಲಿತು.

ಬಾಂಡನ ವೈಭವಕ್ಕೆ ಬೇಸತ್ತವರು ‘ಫ್ಯೂನರಲ್ ಇನ್ ಬರ್ಲಿನ್’ (1966) ನೋಡಬೇಕು. ಕನ್ನಡಕ ಧರಿಸಿದ, ಸಂಬಳದ ಚಿಂತೆಯುಳ್ಳ ಗೂಢಚಾರನಾಗಿ ಮೈಕೇಲ್ ಕೇನ್ ಇದರ ನಾಯಕ. ಆಗ ನಗರವನ್ನು ಸೀಳಿದ್ದ, 1989ರಲ್ಲಿ ಬಿದ್ದ ಆ ಗೋಡೆಯ ನೆರಳು ಚಿತ್ರದುದ್ದಕ್ಕೂ ಹರಡಿದೆ.

1969ರ ‘ಬ್ಯಾಟಲ್ ಆಫ್ ಬ್ರಿಟನ್’ ಚಿತ್ರಕ್ಕಾಗಿ ಜರ್ಮನ್ ಮಾದರಿಯ ವಿಮಾನಗಳನ್ನು ಸ್ಪೇನಿನಿಂದ ಹೊಂದಿಸಲಾಯಿತು. ಜರ್ಮನರು ಜರ್ಮನ್ ಭಾಷೆಯನ್ನೇ ಆಡುತ್ತಾರೆ. ಹಾಸ್ಯಾಸ್ಪದ ಉಚ್ಚಾರಣೆಯ ಇಂಗ್ಲಿಷ್ ಅವರ ಬಾಯಲ್ಲಿಲ್ಲ. ಪಾತ್ರಗಳು ವಿಪುಲ, ಪರಿಚಯ ಸ್ವಲ್ಪ—ಅದೊಂದು ದೋಷವೇ ಸರಿ. ಆದರೆ ಕೊನೆಯ ಮಹಾಕಾಳಗದಲ್ಲಿ ಎಂಜಿನ್ನುಗಳ ಮೊರೆತ, ಗುಂಡಿನ ಸದ್ದುಗಳೆಲ್ಲ ಅಡಗಿ, ವಿಲಿಯಂ ವಾಲ್ಟನ್ನನ ಸಂಗೀತವೊಂದೇ ಮುಗಿಲನ್ನು ತುಂಬುತ್ತದೆ. ವಿಮಾನಗಳು ಮೌನವಾಗಿ ಉರಿದುರುಳುತ್ತವೆ. ಅನಂತರ ವೈಮಾನಿಕರು ಕರೆಗಾಗಿ ಕಾಯುತ್ತ ಕುಳಿತಿದ್ದಾರೆ. ಸೇನಾಪತಿ ಡೌಡಿಂಗನಾಗಿ ಲಾರೆನ್ಸ್ ಒಲಿವಿಯೆ ಹೊರಗೆ ಬಂದು, ಶತ್ರುಗಳಿಲ್ಲದ ಬರಿಯ ಆಕಾಶವನ್ನು ದಿಟ್ಟಿಸಿ ನಿಲ್ಲುತ್ತಾನೆ.